ಅಕೇಡಿಯಾದ ಪೂರ್ವಜರನ್ನು ಹಳೆಯ ಕಡತಗಳಲ್ಲಿ ಹುಡುಕುವ ಬಗೆ

ಇಂದಿನ ಕೆನಡಾದ ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ದ್ವೀಪ ಹಾಗೂ ಅಮೆರಿಕದ ಮೇನ್ ರಾಜ್ಯದ ಒಂದಷ್ಟು ಭಾಗ ಸೇರಿ ಒಂದು ಕಾಲಕ್ಕೆ ಅಕೇಡಿಯಾ ಎನಿಸಿಕೊಂಡಿತ್ತು. 1604ರಲ್ಲಿ ಅಲ್ಲಿಗೆ ಬಂದ ಫ್ರೆಂಚರು ಮರುವರ್ಷ ಪೋರ್ ರಾಯಲ್‌ನಲ್ಲಿ ನೆಲೆ ಹೂಡಿದರು. 1630ರ ದಶಕದಿಂದ ಕುಟುಂಬ ಸಮೇತ ಬಂದವರು ಸಮುದ್ರದ ಉಬ್ಬರಕ್ಕೆ ಮುಳುಗುತ್ತಿದ್ದ ಜವುಗು ನೆಲಕ್ಕೆ ಒಡ್ಡು ಕಟ್ಟಿ ಬೇಸಾಯ ಮಾಡಿದರು. 1713ರ ಯೂಟ್ರೆಕ್ಟ್ ಒಪ್ಪಂದದಿಂದ ಮುಖ್ಯ ಭೂಭಾಗ ಬ್ರಿಟನ್ನಿನ ಪಾಲಾಯಿತು. 1755ರಿಂದ 1763ರವರೆಗೆ ಬ್ರಿಟಿಷ್ ಆಡಳಿತ ಸಾವಿರಾರು ಅಕೇಡಿಯನ್ನರನ್ನು ಹಡಗಿಗೆ ತುಂಬಿ ಹೊರಗಟ್ಟಿತು. ಅವರ ವಂಶದವರು ಇಂದು ಕೆನಡಾದ ಕಡಲ ತೀರದ ಪ್ರಾಂತಗಳಲ್ಲಿ, ಕ್ವಿಬೆಕ್‌ನಲ್ಲಿ, ಲೂಯಿಸಿಯಾನದಲ್ಲಿ, ಫ್ರಾನ್ಸಿನ ಬ್ರಿತಾನಿಯಲ್ಲಿ, ಸಾಂ ಪಿಯೆರ್ ಮತ್ತು ಮಿಕ್ಲೋನ್ ದ್ವೀಪಗಳಲ್ಲಿ ಹರಡಿಕೊಂಡಿದ್ದಾರೆ.

ಜನ ಚದುರಿದಂತೆ ಅವರ ಕಾಗದಪತ್ರಗಳೂ ಚದುರಿದವು. ಕೆಲವು ಚರ್ಚುಗಳ ರಿಜಿಸ್ಟರುಗಳು ಹಾಳಾದವು, ಕೆಲವನ್ನು ಗಡಿಪಾರಾದವರೇ ಹೊತ್ತುಕೊಂಡು ಹೋದರು. ಸರಕಾರಿ ಪ್ರತಿಗಳು ಪ್ಯಾರಿಸ್, ಲಂಡನ್, ಬಾಸ್ಟನ್, ಸೆವಿಲ್ಲಾಗಳಲ್ಲಿ ಉಳಿದುಕೊಂಡವು. ಹೀಗಾಗಿ ಅಕೇಡಿಯನ್ ವಂಶಾವಳಿ ಹುಡುಕುವವರು ಹೆಸರಿನ ಬೆನ್ನು ಹತ್ತುವ ಮೊದಲು ಪುಸ್ತಕದ ಬೆನ್ನು ಹತ್ತಬೇಕು. ಆ ವ್ಯಕ್ತಿಯ ಹೆಸರು ಯಾವ ರಿಜಿಸ್ಟರಿನಲ್ಲಿ ಇರಬೇಕಿತ್ತು, ಆ ರಿಜಿಸ್ಟರು ಉಳಿದಿದೆಯೇ, ಉಳಿದಿದ್ದರೆ ಈಗ ಯಾವ ಊರಿನಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಮುಂದೆ ಹೋದರೆ, ಇಲ್ಲದ ದಾಖಲೆಗಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬೇರೆ ಯಾರೋ ಊಹಿಸಿ ಬರೆದದ್ದನ್ನೇ ದಾಖಲೆಯೆಂದು ನಂಬಿಬಿಡುವುದು.

ಇದಕ್ಕೆ ರಾದೆಗೊಂದ್ ಲಾಂಬೇರ್ ಒಳ್ಳೆಯ ಉದಾಹರಣೆ. ಪೋರ್ ರಾಯಲ್‌ನ ರೈತ ಝಾನ್ ಬ್ಲಾಂಶಾರ್ ಎಂಬಾತನ ಹೆಂಡತಿಯಾದ ಈಕೆ ಬ್ಲಾಂಶಾರ್ ಮನೆತನಕ್ಕೆಲ್ಲ ಮೂಲ ಅಜ್ಜಿ. ಆಕೆಯ ಜನನದ ದಾಖಲೆಯಾಗಲಿ ಮದುವೆಯ ದಾಖಲೆಯಾಗಲಿ ಇಲ್ಲ. ಎರಡು ಜನಗಣತಿಗಳಲ್ಲಿ ಬಂದಿರುವ ಹೆಸರು ಮತ್ತು ವಯಸ್ಸೇ ಆಕೆಯ ಬಗೆಗಿನ ಮುಖ್ಯ ಆಧಾರ. ಆದರೂ ಆಕೆಯ ತಂದೆ ಯಾರು, ತಾಯಿ ಯಾವ ಜನಾಂಗದವಳು ಎಂಬ ಬಗ್ಗೆ ಪುಟಗಟ್ಟಲೆ ಬರೆಹ ಹರಿದಾಡುತ್ತಿದೆ.

ಹುಡುಕಾಟ ಯಾವಾಗಲೂ ಈಚಿನಿಂದ ಆಚೆಗೆ ಸಾಗಬೇಕು. ಅಜ್ಜ, ಮುತ್ತಜ್ಜರ ಜನನ, ಮದುವೆ, ಮರಣಗಳ ದಾಖಲೆಗಳನ್ನು ಒಂದೊಂದಾಗಿ ಕೂಡಿಸುತ್ತ ಹಿಂದಕ್ಕೆ ಹೋದರೆ 1760-1800ರ ಸುಮಾರಿಗೆ ದಾರಿ ಕವಲೊಡೆಯುತ್ತದೆ. ಆ ಕುಟುಂಬ ಗಡಿಪಾರಿನ ನಂತರ ಎಲ್ಲಿ ನೆಲೆಯೂರಿತು ಎಂಬುದು ಅಲ್ಲಿ ಗೊತ್ತಾಗಬೇಕು. 1636ರಲ್ಲಿ ಫ್ರಾನ್ಸಿನಿಂದ ಬಂದ ಸಾಂ ಝಾನ್ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ತಮ್ಮ ಮನೆತನದ ಹೆಸರು ಕಂಡೊಡನೆ ಅಲ್ಲಿಂದ ಈಚೆಗೆ ಗೆರೆ ಎಳೆಯಲು ಹೊರಡುವವರು ಬಹಳ ಮಂದಿ. ಆ ಪಟ್ಟಿ ಉಳಿದಿರುವುದೇ ಒಂದು ಅಪರೂಪ, ನಿಜ. ಆದರೆ ನಂತರದ ಅಕೇಡಿಯನ್ ಕುಟುಂಬಗಳಲ್ಲಿ ಹೆಚ್ಚಿನವುಗಳ ಮೂಲಪುರುಷರು ಅದರಲ್ಲಿ ಇಲ್ಲ.

ಈ ಕೆಲಸದಲ್ಲಿ ದೊಡ್ಡ ಅನುಕೂಲವೊಂದಿದೆ. ಫ್ರೆಂಚ್ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿಗೆ ತವರಿನ ಮನೆಹೆಸರೇ ಉಳಿಯುತ್ತದೆ. ಜನಗಣತಿಯಲ್ಲಿ, ಮಕ್ಕಳ ಜ್ಞಾನಸ್ನಾನದ ದಾಖಲೆಯಲ್ಲಿ, ಕೊನೆಗೆ ಸಮಾಧಿಯ ದಾಖಲೆಯಲ್ಲಿ ಕೂಡ ಅದೇ ಹೆಸರು. ಎರಡು ಗಣತಿಗಳಲ್ಲೂ ರಾದೆಗೊಂದ್ ‘ಲಾಂಬೇರ್’ ಆಗಿಯೇ ಇದ್ದಾಳೆ, ‘ಬ್ಲಾಂಶಾರ್’ ಆಗಿಲ್ಲ. ಅದೇ ಕಾಲದ ಇಂಗ್ಲಿಷ್ ದಾಖಲೆಗಳಲ್ಲಿ ಹೆಣ್ಣಿನ ಸಾಲು ಎರಡೇ ತಲೆಮಾರಿಗೆ ಮಾಯವಾಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ತೊಡಕು ಇರುವುದು ಕಾಗುಣಿತದಲ್ಲಿ. ಬೂದ್ರೋ ಮನೆತನದ ಹೆಸರನ್ನೇ ಫ್ರೆಂಚ್ ಪಾದ್ರಿ ಒಂದು ಬಗೆ, ಬಾಸ್ಟನ್ನಿನ ಗುಮಾಸ್ತ ಇನ್ನೊಂದು ಬಗೆ, ಲೂಯಿಸಿಯಾನದ ಸ್ಪ್ಯಾನಿಷ್ ಅಧಿಕಾರಿ ಮತ್ತೊಂದು ಬಗೆ ಬರೆದಿದ್ದಾರೆ. ಇಂಗ್ಲಿಷರ ನಡುವೆ ಬದುಕಿದ ಕಡೆ ಹೆಸರುಗಳು ಅನುವಾದಗೊಂಡದ್ದೂ ಇದೆ: ಲೆಬ್ಲಾಂ ಎಂಬುವರು ವೈಟ್ ಆದರು, ಲೆಝನ್ ಎಂಬುವರು ಯಂಗ್ ಆದರು, ಪ್ವಾರಿಯೆ ಎಂಬುವರು ಪೆರಿ ಆದರು. ಅಡ್ಡಹೆಸರುಗಳ ಕಾಟ ಬೇರೆ. ಬ್ರೂಸಾರ್ ಸೋದರರನ್ನು ಬೋಸೊಲೇ ಎಂದೂ, ಮಿಶೆಲ್ ರಿಷಾರ್‌ನನ್ನು ಸಾನ್‌ಸೂಸಿ ಎಂದೂ ಕರೆಯುತ್ತಿದ್ದರು. ಕೆಲವು ಪಟ್ಟಿಗಳಲ್ಲಿ ಅಡ್ಡಹೆಸರು ಮಾತ್ರವೇ ಇರುತ್ತದೆ. ಆದ್ದರಿಂದ ಪ್ರತಿ ಮನೆತನಕ್ಕೂ ಗೊತ್ತಿರುವ ಎಲ್ಲ ರೂಪಗಳನ್ನು ಬರೆದಿಟ್ಟುಕೊಂಡು, ಸೂಚಿಯಲ್ಲಿ ಅಷ್ಟೂ ರೂಪಗಳನ್ನು ನೋಡಬೇಕು. ಊರುಗಳ ಹೆಸರೂ ಬದಲಾಗಿವೆ. ಪೋರ್ ರಾಯಲ್ ಈಗ ಅನಾಪೊಲಿಸ್ ರಾಯಲ್. ಪಿಸಿಕಿದ್ ಇದ್ದದ್ದು ಇಂದಿನ ವಿಂಡ್ಸರ್ ಬಳಿ. ಕೋಬೆಕಿದ್ ಇಂದಿನ ಟ್ರೂರೋ ಸೀಮೆ. ಈಲ್ ಸಾಂ ಝಾನ್ ಎಂದರೆ ಪ್ರಿನ್ಸ್ ಎಡ್ವರ್ಡ್ ದ್ವೀಪ. ಈಲ್ ರಾಯಲ್ ಎಂದರೆ ಕೇಪ್ ಬ್ರೆಟನ್. ತಾರೀಖಿನ ಲೆಕ್ಕವೂ ಒಂದೇ ಅಲ್ಲ. 1752ರವರೆಗೆ ಬ್ರಿಟಿಷರು ಹಳೆಯ ಜೂಲಿಯನ್ ಪಂಚಾಂಗ ಬಳಸುತ್ತಿದ್ದರು, ಫ್ರೆಂಚ್ ಪಾದ್ರಿಗಳು ಗ್ರೆಗೋರಿಯನ್ ಪಂಚಾಂಗ ಬಳಸುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಇವೆರಡರ ನಡುವಿನ ಅಂತರ 11 ದಿನ. ಒಂದೇ ಘಟನೆ ಎರಡು ತಾರೀಖಿನಲ್ಲಿ ಕಂಡರೆ ಅವು ಎರಡು ಘಟನೆಗಳೆಂದು ತಿಳಿಯಬಾರದು.

ಗಡಿಪಾರಿಗೆ ಮುಂಚಿನ ಕಾಲಕ್ಕೆ ಜನಗಣತಿಗಳೇ ಬೆನ್ನೆಲುಬು. ಮೊದಲನೆಯದು 1671ರದ್ದು. 1654ರಲ್ಲಿ ಇಂಗ್ಲಿಷರ ವಶವಾಗಿದ್ದ ಅಕೇಡಿಯಾ ಬ್ರೆಡಾ ಒಪ್ಪಂದದ ಪ್ರಕಾರ 1670ರಲ್ಲಿ ಫ್ರಾನ್ಸಿಗೆ ಮರಳಿತ್ತು. ಯಾರು ಯಾರಿದ್ದಾರೆ, ಎಷ್ಟು ದನಕರು, ಎಷ್ಟು ಉಳುವ ನೆಲ ಎಂದು ತಿಳಿಯಲು ಲೊರಾಂ ಮೊಲಾಂ ಎಂಬ ಪಾದ್ರಿ ಮನೆಮನೆಗೆ ಹೋಗಿ ಲೆಕ್ಕ ಬರೆದರು. ಸಿಕ್ಕವರು ಸುಮಾರು 400 ಮಂದಿ. ಎಲ್ಲರೂ ಸಲೀಸಾಗಿ ಉತ್ತರ ಕೊಡಲಿಲ್ಲ. ದರ್ಜಿ ಪಿಯೆರ್ ಮೆಲಾನ್ಸೋನ್ ತನ್ನ ವಯಸ್ಸನ್ನಾಗಲಿ ಜಾನುವಾರಿನ ಲೆಕ್ಕವನ್ನಾಗಲಿ ಹೇಳಲು ಒಪ್ಪಲಿಲ್ಲ. ಇಂಥ ವಿಚಾರ ಕೇಳಿಕೊಂಡು ಬೀದಿ ಅಲೆಯುವುದಕ್ಕೆ ನಿಮಗೇನು ಹುಚ್ಚೇ ಎಂಬರ್ಥದ ಮಾತು ಅವನ ಹೆಂಡತಿಯಿಂದ ಬಂತು. ಎತಿಯೆನ್ ರೊಬಿಶೋ ಪಾದ್ರಿಯ ಮುಖ ನೋಡಲೂ ಒಪ್ಪದೆ, ಲೆಕ್ಕ ಕೊಡುವುದಿಲ್ಲವೆಂದು ಹೇಳುವಂತೆ ಹೆಂಡತಿಗೆ ತಿಳಿಸಿ ಮನೆಬಿಟ್ಟು ಹೋದ. ಪೀಪಾಯಿ ಮಾಡುವ ಪಿಯೆರ್ ಲಾನೂ ತಾನು ಆರೋಗ್ಯವಾಗಿದ್ದೇನೆಂದಷ್ಟೇ ಹೇಳಿಕಳಿಸಿ ವಯಸ್ಸು ತಿಳಿಸಲಿಲ್ಲ. ತೆರಿಗೆಯ ಭಯ ಇದ್ದೇ ಇತ್ತು. ಮೊಲಾಂ ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದಿಟ್ಟದ್ದರಿಂದ, ಜನಗಣತಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಆ ವ್ಯಕ್ತಿ ಊರಲ್ಲಿ ಇರಲಿಲ್ಲ ಎಂದು ತೀರ್ಮಾನಿಸಬಾರದು ಎಂಬುದು ಇಂದಿನವರಿಗೆ ತಿಳಿಯುವಂತಾಯಿತು.

1671ರ ನಂತರ 1678, 1686, 1693, 1698, 1700, 1701, 1703, 1707, 1714ರ ಪಟ್ಟಿಗಳಿವೆ. ಎಲ್ಲವೂ ಒಂದೇ ಬಗೆಯವಲ್ಲ. 1686 ಮತ್ತು 1693ರವು ಮಕ್ಕಳ ಹೆಸರು, ವಯಸ್ಸು ಸಮೇತ ಕೊಡುತ್ತವೆ. 1703, 1707ರವು ಮನೆಯ ಯಜಮಾನನ ಹೆಸರು ಬರೆದು ಉಳಿದವರನ್ನು ಎಣಿಸಿ ಮುಗಿಸುತ್ತವೆ. ಮೂಲಪ್ರತಿಗಳು ಫ್ರಾನ್ಸಿನ ಏಕ್ಸ್ ಆನ್ ಪ್ರೊವಾನ್ಸ್ ನಗರದಲ್ಲಿರುವ ಸಾಗರೋತ್ತರ ಪ್ರಾಂತಗಳ ರಾಷ್ಟ್ರೀಯ ಪತ್ರಾಗಾರದಲ್ಲಿ ಜಿ1 ಸರಣಿಯ 466ನೆಯ ಸಂಪುಟದಲ್ಲಿವೆ. ಮೈಕ್ರೊಫಿಲ್ಮ್ ಪ್ರತಿಗಳು ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿ ಸಿಗುತ್ತವೆ.

ಒಂದೇ ಗಣತಿಯ ವಯಸ್ಸನ್ನು ನಂಬುವಂತಿಲ್ಲ, ಎರಡು ಮೂರನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1671ರಲ್ಲಿ ಝಾನ್ ಬ್ಲಾಂಶಾರ್‌ಗೆ 60, ರಾದೆಗೊಂದ್‌ಗೆ 42 ಎಂದಿದೆ. 1686ರಲ್ಲಿ ಆತನಿಗೆ 75, ಆಕೆಗೆ 65. ಹದಿನೈದು ವರ್ಷದಲ್ಲಿ ಗಂಡನಿಗೆ ಹದಿನೈದೇ ವರ್ಷ ಕೂಡಿತು, ಹೆಂಡತಿಗೆ ಇಪ್ಪತ್ತಮೂರು ಕೂಡಿತು. ಇವುಗಳಲ್ಲಿ ಯಾವುದು ಸರಿ? ಉತ್ತರ ಮಕ್ಕಳ ವಯಸ್ಸಿನಲ್ಲಿದೆ. 1671ರಲ್ಲಿ ಹಿರಿಯ ಮಗಳು ಮಾದ್ಲೆನ್‌ಗೆ 28, ಅಂದರೆ ಆಕೆ ಹುಟ್ಟಿದ್ದು 1643ರ ಸುಮಾರಿಗೆ. ತಾಯಿಗೆ 1671ರಲ್ಲಿ 42 ಎಂಬುದು ನಿಜವಾದರೆ ಮಗಳು ಹುಟ್ಟಿದಾಗ ತಾಯಿಗೆ 14 ವರ್ಷ. 1686ರ ಲೆಕ್ಕ ಹಿಡಿದರೆ 22. ಎರಡನೆಯದೇ ಹೆಚ್ಚು ನಂಬುವಂಥದ್ದು. ಹಾಗಾಗಿ ಆಕೆಯ ಜನನ 1621ರ ಸುಮಾರು ಎಂದು ವಂಶಾವಳಿಕಾರರು ಬರೆಯುತ್ತಾರೆ. ಈ ‘ಸುಮಾರು’ ಎಂಬುದನ್ನು ನಕಲು ಮಾಡುವವರು ಬಿಟ್ಟುಬಿಡುತ್ತಾರೆ. ಎರಡು ಮೂರು ಕೈ ದಾಟುವಷ್ಟರಲ್ಲಿ ಅದು 1621 ಎಂಬ ಖಚಿತ ವರ್ಷವಾಗಿ ಕೂತಿರುತ್ತದೆ.

ಗಣತಿ ಬರೆದ ಕ್ರಮಕ್ಕೂ ಅರ್ಥವಿರುತ್ತದೆ. ಬರೆಯುವವನು ಹೊಳೆಯ ದಂಡೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದುದರಿಂದ ಪಟ್ಟಿಯಲ್ಲಿ ಅಕ್ಕಪಕ್ಕ ಇರುವವರು ಹಲವು ಸಲ ನೆಲದಲ್ಲೂ ಅಕ್ಕಪಕ್ಕದವರು. ಅಳಿಯಂದಿರು, ಬೀಗರು, ಮರುಮದುವೆಯಾದ ವಿಧವೆಯ ಮೊದಲ ಸಂಬಂಧದ ಮಕ್ಕಳು ಅಲ್ಲೇ ನೆರೆಯಲ್ಲಿ ಸಿಗುತ್ತಾರೆ. ಕಡಿಮೆ ದಾಖಲೆಯುಳ್ಳ ವ್ಯಕ್ತಿಯ ಬಗ್ಗೆ ಹೆಚ್ಚು ತಿಳಿಯುವುದು ಆತನ ಸುತ್ತಲಿನವರ ದಾಖಲೆಗಳಿಂದಲೇ. ಗಂಡಸರ ಮಟ್ಟಿಗೆ ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿದ 1695, 1730ರ ಪಟ್ಟಿಗಳೂ ಉಪಯುಕ್ತ. ರುಜು ಹಾಕಿದವನಾರು, ಗುರುತು ಹಾಕಿದವನಾರು ಎಂಬುದು ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ನೆರವಾಗುತ್ತದೆ.

ಚರ್ಚಿನ ರಿಜಿಸ್ಟರುಗಳ ವಿಷಯದಲ್ಲಿ ಅಕೇಡಿಯಾದ ನೆಲೆಗಳಿಗೆ ಒಂದೇ ಅದೃಷ್ಟ ಇರಲಿಲ್ಲ. ಪೋರ್ ರಾಯಲ್‌ನ ಸಾಂ ಝಾನ್ ಬಾಪ್ತಿಸ್ತ್ ಧರ್ಮಕೇಂದ್ರದ 1702ರಿಂದ 1755ರವರೆಗಿನ ರಿಜಿಸ್ಟರುಗಳು ಉಳಿದಿವೆ. ಹ್ಯಾಲಿಫ್ಯಾಕ್ಸ್‌ನಲ್ಲಿರುವ ನೋವಾ ಸ್ಕೋಷಿಯಾ ಪತ್ರಾಗಾರ ಅವುಗಳ ಪುಟಗಳ ಚಿತ್ರಗಳನ್ನು ಸೂಚಿ ಸಮೇತ ಅಂತರ್ಜಾಲದಲ್ಲಿ ಇಟ್ಟಿದೆ. 1702ಕ್ಕಿಂತ ಹಿಂದಿನವು ಇಲ್ಲ. ರಾದೆಗೊಂದ್‌ಳ ಮಕ್ಕಳ ಜ್ಞಾನಸ್ನಾನದ ದಾಖಲೆಗಳು ಹೋದದ್ದು ಅವುಗಳ ಜೊತೆಗೇ. ಬೋಬಾಸಾಂ ನೆಲೆಯಲ್ಲಿ 1679-1686ರ ಒಂದು ಭಾಗ, 1712-1748ರ ಒಂದಷ್ಟು ಭಾಗ ಇವೆ.

ಗ್ರಾಂ ಪ್ರೆಯ ಸಾಂ ಶಾರ್ಲ್ ರಿಜಿಸ್ಟರುಗಳ ಕತೆಯೇ ಬೇರೆ. 1707ರಿಂದ 1748ರವರೆಗಿನ ಈ ಪುಸ್ತಕಗಳನ್ನು ಗಡಿಪಾರಾದ ಜನ ತಮ್ಮೊಂದಿಗೆ ಒಯ್ದರು. ಕೊನೆಗೆ ಅವು ಲೂಯಿಸಿಯಾನದ ಸಾಂ ಗಾಬ್ರಿಯೆಲ್ ಚರ್ಚನ್ನು ಸೇರಿದವು. ಈಗ ಬ್ಯಾಟನ್ ರೂಜ್ ಧರ್ಮಪ್ರಾಂತದ ಪತ್ರಾಗಾರದಲ್ಲಿವೆ. ನೋವಾ ಸ್ಕೋಷಿಯಾದ ಹಳ್ಳಿಯೊಂದರ ಜನನ-ಮದುವೆಗಳ ಲೆಕ್ಕ ಸಾವಿರಾರು ಕಿಲೋಮೀಟರು ದೂರದ ಮಿಸಿಸಿಪಿ ನದಿಯ ದಂಡೆಯಲ್ಲಿ ಸಿಗುತ್ತದೆಂದು ಗೊತ್ತಿಲ್ಲದವರು ಗ್ರಾಂ ಪ್ರೆಯ ದಾಖಲೆಗಳು ಪೂರ್ತಿ ನಾಶವಾದವೆಂದೇ ಕೈಬಿಡುತ್ತಾರೆ. ನಿಜವಾಗಿಯೂ ಕಳೆದುಹೋದವು ಪಿಸಿಕಿದ್, ಕೋಬೆಕಿದ್ ಮತ್ತು ರಿವಿಯೇರ್ ಓ ಕನಾರ್‌ನ ರಿಜಿಸ್ಟರುಗಳು. ಈ ಮೂರು ಕಡೆಯ ಕುಟುಂಬಗಳನ್ನು ಸುತ್ತುದಾರಿಯಲ್ಲೇ ಹುಡುಕಬೇಕು.

ಸುತ್ತುದಾರಿಗಳಲ್ಲಿ ಮುಖ್ಯವಾದದ್ದು ಮದುವೆಯ ವಿನಾಯಿತಿ. ಕಥೋಲಿಕ ಚರ್ಚಿನ ಅಂದಿನ ನಿಯಮದಂತೆ ರಕ್ತಸಂಬಂಧಿಗಳು ನಾಲ್ಕನೆಯ ಹಂತದವರೆಗೆ ವಿನಾಯಿತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಜನಸಂಖ್ಯೆ ಚಿಕ್ಕದು, ಎಲ್ಲರೂ ಒಬ್ಬರಿಗೊಬ್ಬರು ನೆಂಟರೇ. ಹಾಗಾಗಿ ಮದುವೆಯ ದಾಖಲೆಗಳಲ್ಲಿ ವಿನಾಯಿತಿಯ ಮಾತು ಮತ್ತೆ ಮತ್ತೆ ಬರುತ್ತದೆ. ಹಂತವನ್ನು ಎಣಿಸುವುದು ಇಬ್ಬರಿಗೂ ಸಮಾನನಾದ ಹಿರಿಯನಿಂದ ಕೆಳಕ್ಕೆ. ಆ ಹಿರಿಯನ ಮಕ್ಕಳು ಒಂದನೆಯ ಹಂತ, ಮೊಮ್ಮಕ್ಕಳು ಎರಡನೆಯದು, ಮರಿಮಕ್ಕಳು ಮೂರನೆಯದು. ವಧೂವರರಿಗೆ ಮೂರನೆಯ ಹಂತದ ವಿನಾಯಿತಿ ಸಿಕ್ಕಿದೆ ಎಂದರೆ ಇಬ್ಬರಿಗೂ ಒಂದೇ ಮುತ್ತಜ್ಜ-ಮುತ್ತಜ್ಜಿ. ಮೂರು-ನಾಲ್ಕು ಎಂದಿದ್ದರೆ ಒಬ್ಬರ ಮುತ್ತಜ್ಜ ಇನ್ನೊಬ್ಬರಿಗೆ ಒಂದು ತಲೆಮಾರು ಮೇಲೆ. ಹುಡುಗನ ಎಂಟು ಮಂದಿ ಮುತ್ತಜ್ಜ-ಮುತ್ತಜ್ಜಿಯರಲ್ಲಿ ಆರು ಜನ ಗೊತ್ತಿದ್ದು, ಹುಡುಗಿಯ ಎಂಟೂ ಜನ ಗೊತ್ತಿದ್ದು, ಗೊತ್ತಿರುವವರಲ್ಲಿ ಯಾರೂ ಸಮಾನರಲ್ಲವಾದರೆ, ಹುಡುಗನ ಗೊತ್ತಿಲ್ಲದ ಆ ಇಬ್ಬರು ಹುಡುಗಿಯ ಎಂಟು ಜನರ ನಡುವಿನ ಒಂದು ದಂಪತಿಯೇ ಆಗಿರಬೇಕು. ಕಳೆದುಹೋದ ರಿಜಿಸ್ಟರುಗಳ ಎಷ್ಟೋ ತಲೆಮಾರುಗಳನ್ನು ಈ ಲೆಕ್ಕದಿಂದಲೇ ಮತ್ತೆ ಕಟ್ಟಲಾಗಿದೆ. ಒಂದು ಎಚ್ಚರಿಕೆ: ತೀರಿಹೋದ ಹೆಂಡತಿಯ ನೆಂಟಳನ್ನು ಮದುವೆಯಾಗುವವನಿಗೂ ವಿನಾಯಿತಿ ಬೇಕಿತ್ತು. ಅದು ಮದುವೆಯಿಂದ ಬಂದ ಸಂಬಂಧ, ರಕ್ತಸಂಬಂಧವಲ್ಲ. ದಾಖಲೆ ಯಾವುದನ್ನು ಹೇಳುತ್ತಿದೆ ಎಂದು ಮೂಲ ಪುಟದಲ್ಲೇ ನೋಡಿಕೊಳ್ಳಬೇಕು. ಜ್ಞಾನ ತಂದೆತಾಯಿಯರ ಹೆಸರುಗಳನ್ನೂ ಬಿಡದೆ ಬರೆದುಕೊಳ್ಳಬೇಕು. ಮೊದಲ ಮಕ್ಕಳಿಗೆ ಹೆಚ್ಚಾಗಿ ಹತ್ತಿರದ ನೆಂಟರೇ ಆ ಸ್ಥಾನದಲ್ಲಿ ನಿಲ್ಲುತ್ತಿದ್ದರು.

1752ರಲ್ಲಿ ಸಿಯರ್ ದ ಲಾ ರೊಕ್ ಎಂಬ ಅಧಿಕಾರಿ ಆಗಿನ್ನೂ ಫ್ರೆಂಚರ ಕೈಯಲ್ಲಿದ್ದ ಈಲ್ ರಾಯಲ್ ಮತ್ತು ಈಲ್ ಸಾಂ ಝಾನ್‌ಗಳಲ್ಲಿ ಮಾಡಿದ ಖಾನೇಷುಮಾರಿ ಇಡೀ ಅಕೇಡಿಯನ್ ದಾಖಲೆಗಳಲ್ಲೇ ಅತ್ಯಂತ ಸಂಪನ್ನವಾದದ್ದು. ಮನೆಯವರ ಹೆಸರು, ವಯಸ್ಸು, ಹುಟ್ಟಿದ ಊರು, ದ್ವೀಪಕ್ಕೆ ಬಂದು ಎಷ್ಟು ಕಾಲವಾಯಿತು, ದನ ಎಷ್ಟು, ಹಂದಿ ಎಷ್ಟು, ಎಷ್ಟು ನೆಲ ಸವರಿದ್ದಾರೆ ಎಲ್ಲವೂ ಇದೆ. ಇದರ ಪಠ್ಯವನ್ನು ಕೆನಡಾದ ಪತ್ರಾಗಾರದ 1905ರ ವರದಿಯಲ್ಲಿ ಅಚ್ಚು ಹಾಕಲಾಗಿದೆ. ಪಿಸಿಕಿದ್ ಅಥವಾ ಕೋಬೆಕಿದ್ ಬಿಟ್ಟು ದ್ವೀಪಕ್ಕೆ ವಲಸೆ ಹೋದ ಕುಟುಂಬವಾದರೆ ಮೊದಲು ತೆರೆಯಬೇಕಾದ ಪುಸ್ತಕ ಇದೇ.

1755ರ ಸೆಪ್ಟೆಂಬರ್ 5ರಂದು ಕರ್ನಲ್ ಜಾನ್ ವಿನ್ಸ್ಲೋ ಗ್ರಾಂ ಪ್ರೆಯ ಚರ್ಚಿನಲ್ಲಿ ಗಂಡಸರನ್ನೂ ಹುಡುಗರನ್ನೂ ಕೂಡಿಹಾಕಿ ಗಡಿಪಾರಿನ ಆಜ್ಞೆ ಓದಿಸಿದ. ಅವನ ದಿನಚರಿಯಲ್ಲಿ ಆ ಸೀಮೆಯ ಮನೆಯ ಯಜಮಾನರ ಹೆಸರು, ಹಳ್ಳಿ, ಗಂಡು-ಹೆಣ್ಣು ಮಕ್ಕಳ ಸಂಖ್ಯೆ, ಜಾನುವಾರು ಸೇರಿದ ಪಟ್ಟಿಯಿದೆ. ಇಡೀ ಕುಟುಂಬ ಊರಲ್ಲಿ ಒಟ್ಟಿಗಿದ್ದದ್ದನ್ನು ಹೇಳುವ ಕೊನೆಯ ಕಾಗದ ಎಷ್ಟೋ ಮನೆತನಗಳಿಗೆ ಅದೇ. ಹಡಗುಗಳಿಗೆ ಹತ್ತಿಸಿದವರ ಹೆಸರುಪಟ್ಟಿಗಳನ್ನು ನಿರೀಕ್ಷಿಸಬಾರದು. ಇಂತಿಷ್ಟು ತಲೆ ಎಂದು ಬರೆದು ಕಳಿಸಿದ್ದೇ ಹೆಚ್ಚು.

ಇಲ್ಲಿಂದ ಮುಂದೆ ದಾಖಲೆ ಆಯಾ ಗಡಿಪಾರಿನ ಜಾಗದಲ್ಲಿರುತ್ತದೆ. ಮಸಾಚುಸೆಟ್ಸ್‌ಗೆ ಕಳಿಸಿದವರನ್ನು ಊರೂರಿಗೆ ಹಂಚಿ, ಅವರ ಖರ್ಚನ್ನು ಆಯಾ ಊರಿನ ಆಡಳಿತಕ್ಕೆ ಹೊರಿಸಲಾಗಿತ್ತು. ಊರಿನವರು ಆ ಹಣ ವಾಪಸು ಕೇಳಿ ಬರೆದ ಸೌದೆ, ಬಾಡಿಗೆ, ಔಷಧಿಗಳ ಬಿಲ್ಲುಗಳು ಮತ್ತು ಅಕೇಡಿಯನ್ನರೇ ಬರೆದ ಅಹವಾಲುಗಳು ಬಾಸ್ಟನ್ನಿನ ಮಸಾಚುಸೆಟ್ಸ್ ಪತ್ರಾಗಾರದ 23 ಮತ್ತು 24ನೆಯ ಸಂಪುಟಗಳಲ್ಲಿವೆ. ಯಾವ ತಿಂಗಳು ಯಾರಿಗೆ ಕಾಯಿಲೆ, ಯಾರ ಹೆರಿಗೆ, ಯಾರ ಸಾವು ಎಂಬುದು ಈ ಬಿಲ್ಲುಗಳಿಂದ ಗೊತ್ತಾಗುತ್ತದೆ. ಚರ್ಚಿನ ರಿಜಿಸ್ಟರು ಇಲ್ಲದ ಆ ವರ್ಷಗಳಿಗೆ ಖರ್ಚಿನ ಬಿಲ್ಲೇ ಜನನ-ಮರಣದ ಪುಸ್ತಕ. 1763ರಲ್ಲಿ ಬ್ರಿಟನ್-ಫ್ರಾನ್ಸ್ ನಡುವಿನ ಯುದ್ಧ ಮುಗಿದಾಗ ಫ್ರಾನ್ಸಿಗೆ ಕರೆಸಿಕೊಳ್ಳಬಹುದೆಂಬ ಆಸೆಯಿಂದ ಮಸಾಚುಸೆಟ್ಸ್, ಕನೆಟಿಕಟ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ದಕ್ಷಿಣ ಕೆರೊಲಿನಗಳಲ್ಲಿದ್ದವರು ತಮ್ಮ ಕುಟುಂಬಗಳ ಪಟ್ಟಿ ಬರೆದು ಫ್ರೆಂಚ್ ರಾಯಭಾರಿಗೆ ಕಳಿಸಿದರು. ಬದುಕುಳಿದವರ ಗಣತಿ ಅಂದರೆ ಅದೇ.

ಮಸಾಚುಸೆಟ್ಸ್, ಕನೆಟಿಕಟ್‌ಗಳಿಂದ 1766ರ ನಂತರ ಹಲವರು ಕ್ವಿಬೆಕ್‌ಗೆ ನಡೆದರು. ಸಾಂ ಝಾಕ್ ದ ಲಾಶಿಗಾಂ, ಲಾಕಾದಿ, ನಿಕೋಲೆ ಮುಂತಾದ ಧರ್ಮಕೇಂದ್ರಗಳ ಪುಸ್ತಕಗಳಲ್ಲಿ ಎಂಟು-ಹತ್ತು ವರ್ಷದ ಮಕ್ಕಳಿಗೆ ಷರತ್ತಿನ ಜ್ಞಾನಸ್ನಾನ ಕೊಟ್ಟದ್ದೂ, ಪಾದ್ರಿಯಿಲ್ಲದ ಊರಲ್ಲಿ ಹಿರಿಯರ ಸಾಕ್ಷಿಯಲ್ಲಿ ಆದ ಮದುವೆಗಳನ್ನು ಮತ್ತೆ ಊರ್ಜಿತಗೊಳಿಸಿದ್ದೂ ಕಾಣುತ್ತದೆ. ಅಂಥ ದಾಖಲೆ ಸಿಕ್ಕರೆ ಬರೆದ ತಾರೀಖಿಗಿಂತ ಒಳಗಿನ ವಿವರ ಮುಖ್ಯ. ಮದುವೆಯೋ ಜನನವೋ ನಿಜವಾಗಿ ಎಷ್ಟು ವರ್ಷ ಹಿಂದೆ, ಯಾವ ಊರಲ್ಲಿ ಆಯಿತೆಂದು ಅದರೊಳಗೇ ಬರೆದಿರುವುದುಂಟು. ಹದಿನೆಂಟನೆಯ ಶತಮಾನದ ಕ್ವಿಬೆಕ್ ದಾಖಲೆಗಳಿಗೆ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಐತಿಹಾಸಿಕ ಜನಸಂಖ್ಯಾ ಸಂಶೋಧನಾ ಯೋಜನೆಯ ಸೂಚಿ ಒಳ್ಳೆಯ ಬಾಗಿಲು. ನೋವಾ ಸ್ಕೋಷಿಯಾದ ಸೇಂಟ್ ಮೇರಿ ಕೊಲ್ಲಿಯಲ್ಲಿ ಮರಳಿ ನೆಲೆಸಿದವರಿಗೆ 1799ರಲ್ಲಿ ಬಂದ ಪಾದ್ರಿ ಝಾನ್ ಮಾಂದೆ ಸಿಗೋಞ್ ಇಟ್ಟ ರಿಜಿಸ್ಟರುಗಳು ಆಧಾರ.

ವರ್ಜಿನಿಯಾಕ್ಕೆ ಕಳಿಸಿದ ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿನ ಆಡಳಿತ ಒಪ್ಪದೆ 1756ರಲ್ಲಿ ಇಂಗ್ಲೆಂಡಿಗೆ ಸಾಗಹಾಕಿತು. ಸೌತಾಂಪ್ಟನ್, ಬ್ರಿಸ್ಟಲ್, ಲಿವರ್‌ಪೂಲ್, ಪೆನ್ರಿನ್‌ಗಳಲ್ಲಿ ಏಳು ವರ್ಷ ಕಳೆದು, ಸಿಡುಬಿನಿಂದ ಅನೇಕರನ್ನು ಕಳೆದುಕೊಂಡು, ಉಳಿದವರು 1763ರಲ್ಲಿ ಫ್ರಾನ್ಸಿನ ಮೊರ್ಲೆ ಮತ್ತು ಸಾಂ ಮಾಲೋ ಬಂದರುಗಳಿಗೆ ಬಂದರು. ಈಲ್ ಸಾಂ ಝಾನ್‌ನಿಂದ 1758ರಲ್ಲಿ ಹೊರಗಟ್ಟಿದವರು ನೇರ ಫ್ರಾನ್ಸಿಗೆ ಹೋದರು. ಡ್ಯೂಕ್ ವಿಲಿಯಂ ಮತ್ತು ವಯಲೆಟ್ ಹಡಗುಗಳು ಆ ಡಿಸೆಂಬರಿನಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿದವು. 1752ರ ಗಣತಿಯಲ್ಲಿ ಇದ್ದು ಆನಂತರ ಎಲ್ಲೂ ಕಾಣದ ಇಡೀ ಕುಟುಂಬವೊಂದು ಎದುರಾದರೆ ಮೊದಲು ನೆನಪಿಗೆ ಬರಬೇಕಾದದ್ದು ಈ ಎರಡು ಹಡಗು. ಸಾಂ ಮಾಲೋ ತಲುಪಿದ ಹಡಗುಗಳ ಪಟ್ಟಿಗಳಲ್ಲಿ ದಾರಿಯಲ್ಲಿ ಸತ್ತವರನ್ನೂ ಬರೆಯಲಾಗಿದೆ. ಆ ನಗರದ ಅಕೇಡಿಯನ್ನರ ಬಗ್ಗೆ ಆಲ್ಬರ್ಟ್ ರೊಬಿಶೋ ಸಂಕಲಿಸಿದ ಸಂಪುಟಗಳಿವೆ.

1785ರಲ್ಲಿ ಸುಮಾರು 1,600 ಮಂದಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸ್ಪೇನಿನ ಆಳ್ವಿಕೆಯ ಲೂಯಿಸಿಯಾನಕ್ಕೆ ಹೊರಟರು. ಅವರಿಗಿಂತ ಇಪ್ಪತ್ತು ವರ್ಷ ಮೊದಲೇ ಹ್ಯಾಲಿಫ್ಯಾಕ್ಸ್‌ನಿಂದ ಬ್ರೂಸಾರ್ ಬೋಸೊಲೇ ನೇತೃತ್ವದ ತಂಡ ಅಲ್ಲಿಗೆ ಬಂದಿತ್ತು. ಸ್ಪ್ಯಾನಿಷ್ ಆಡಳಿತದ ಕಾಗದಗಳು ಸೆವಿಲ್ಲಾದ ಇಂಡೀಸ್ ಪತ್ರಾಗಾರದಲ್ಲಿ ‘ಪಪೆಲೆಸ್ ದೆ ಕೂಬಾ’ ಎಂಬ ವಿಭಾಗದಲ್ಲಿವೆ. ಚರ್ಚಿನ ದಾಖಲೆಗಳ ಸಾರವನ್ನು ಬ್ಯಾಟನ್ ರೂಜ್ ಧರ್ಮಪ್ರಾಂತ ಸಂಪುಟಗಳಾಗಿ ಪ್ರಕಟಿಸಿದೆ.

ಫ್ರಾನ್ಸಿನಲ್ಲೇ ಉಳಿದ ಒಂದು ಗುಂಪು ವಂಶಾವಳಿಕಾರರ ಪಾಲಿಗೆ ನಿಧಿಯನ್ನೇ ಬಿಟ್ಟುಹೋಗಿದೆ. 1765ರಲ್ಲಿ 78 ಕುಟುಂಬಗಳನ್ನು ಬ್ರಿತಾನಿ ತೀರದ ಬೆಲ್ ಈಲ್ ದ್ವೀಪದಲ್ಲಿ ನೆಲೆಗೊಳಿಸಲಾಯಿತು. ಅವರ ಊರಿನ ರಿಜಿಸ್ಟರುಗಳು ಹೋಗಿದ್ದವಾದ್ದರಿಂದ 1767ರಲ್ಲಿ ಪ್ರತಿ ಕುಟುಂಬದವರೂ ಪಾದ್ರಿಗಳು ಮತ್ತು ಸಾಕ್ಷಿಗಳ ಮುಂದೆ ತಮ್ಮ ವಂಶದ ವಿವರ ಹೇಳಿ ಬರೆಸುವಂತಾಯಿತು. ಫ್ರಾನ್ಸಿನಿಂದ ಮೊದಲು ಬಂದ ಹಿರಿಯನಿಂದ ಹಿಡಿದು ಯಾರು ಯಾವ ಊರಲ್ಲಿ ಯಾರನ್ನು ಮದುವೆಯಾದರು, ಯಾರು ಎಲ್ಲಿ ಸತ್ತರು, ಅಣ್ಣತಮ್ಮಂದಿರು ಈಗ ಯಾವ ವಸಾಹತಿನಲ್ಲಿದ್ದಾರೆ ಎಂಬುದೆಲ್ಲ ಅವರ ಬಾಯಿಂದಲೇ ಬಂತು.

ಈ ಹೇಳಿಕೆಗಳನ್ನು ಬಳಸುವಾಗ ಎರಡು ಬಗೆಯ ಮಾತುಗಳನ್ನು ಬೇರೆ ಬೇರೆ ಇಡಬೇಕು. ಹೇಳಿದವರು ಕಣ್ಣಾರೆ ಕಂಡ ಅಪ್ಪ, ಅಜ್ಜ, ಸೋದರರ ವಿವರ ಬಹುತೇಕ ಸರಿ. ನೂರು ವರ್ಷ ಹಿಂದಿನದು ಕೇಳಿದ ಮಾತು. ಬ್ಲಾಂಶಾರ್ ಮನೆಯ ಹೆಣ್ಣೊಬ್ಬಳ ಗಂಡ ಕೊಟ್ಟ ಹೇಳಿಕೆಯಲ್ಲಿ ಮೂಲಪುರುಷ ಗೀಯೋಮ್ ಬ್ಲಾಂಶಾರ್, ಆತ ಹೆಂಡತಿ ಯೂಗೆತ್ ಜೊತೆ ಫ್ರಾನ್ಸಿನಿಂದ ಬಂದ ಎಂದಿದೆ. ಗಣತಿಯ ಪ್ರಕಾರ ಮೂಲಪುರುಷ ಝಾನ್, ಹೆಂಡತಿ ರಾದೆಗೊಂದ್. ಗೀಯೋಮ್ ಅವರ ಮಗ, ಯೂಗೆತ್ ಸೊಸೆ. ಹೇಳಿದವನು ಒಂದು ತಲೆಮಾರು ತಪ್ಪಿದ. ಹಾಗೆಂದು ಹೇಳಿಕೆಯನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ. ಹೆಸರು ಮರೆತರೂ, ದಂಪತಿ ಇಬ್ಬರೂ ಫ್ರಾನ್ಸಿನಿಂದ ಬಂದವರು ಎಂಬ ನೆನಪು ಕುಟುಂಬದಲ್ಲಿ ಉಳಿದಿತ್ತು ಎಂಬಷ್ಟಕ್ಕೆ ಅದು ಸಾಕ್ಷಿ. ಅದಕ್ಕಿಂತ ಹೆಚ್ಚಿಗೆ ಎಳೆದರೆ ಹರಿಯುತ್ತದೆ.

ಈ ನೆನಪಿಗೆ ಎದುರಾಗಿ ಇನ್ನೊಂದು ಕತೆ ಬೆಳೆಯಿತು. ರಾದೆಗೊಂದ್‌ಳ ತಾಯಿ ಅಲ್ಲಿನ ಮೂಲನಿವಾಸಿ ಮಿಕ್ಮಾ ಜನಾಂಗದವಳು, ತಂದೆ ಮೊದಲೇ ಬಂದಿದ್ದ ಲಾಂಬೇರ್ ಎಂಬ ಫ್ರೆಂಚನು ಎಂಬುದು ಆ ಕತೆ. ಫ್ರೆಂಚರು ಮಿಕ್ಮಾ ಹೆಂಗಸರನ್ನು ಮದುವೆಯಾದದ್ದು ಉಂಟು, ಆದರೆ ಈಕೆಯ ವಿಷಯದಲ್ಲಿ ಅಂಥ ದಾಖಲೆ ಯಾವುದೂ ಇಲ್ಲ. ಇಲ್ಲಿ ನೆರವಿಗೆ ಬಂದದ್ದು ಮೈಟೋಕಾಂಡ್ರಿಯಾದ ಡಿಎನ್‌ಎ. ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ರಾದೆಗೊಂದ್‌ಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಎಂದು ಎಲ್ಲೂ ಕಡಿಯದೆ ಬಂದ ಸಾಲಿನ ಇಂದಿನವರನ್ನು ಪರೀಕ್ಷಿಸಿದಾಗ ಮೊದಲು ಕಂಡದ್ದು ಎಕ್ಸ್ ಎಂಬ ಗುಂಪು. ಎಕ್ಸ್ ಗುಂಪಿನ ಒಂದು ಕವಲು ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲೂ ಇರುವುದರಿಂದ ಮಿಕ್ಮಾ ಕತೆಗೆ ಜೀವ ಬಂತು. ಪೂರ್ತಿ ಪರೀಕ್ಷೆ ಮಾಡಿದಾಗ ಅದು ಯುರೋಪಿನಲ್ಲಿ ಕಾಣುವ ಎಕ್ಸ್2ಬಿ ಕವಲೆಂದು ತಿಳಿಯಿತು, ಮೂಲನಿವಾಸಿಗಳದ್ದು ಎಕ್ಸ್2ಎ. ಅರ್ಧ ಪರೀಕ್ಷೆಯ ಫಲಿತಾಂಶವನ್ನು ಹಿಡಿದು ಬರೆದ ವಂಶವೃಕ್ಷಗಳು ಇನ್ನೂ ಹರಿದಾಡುತ್ತಿವೆ.

ಈ ಪರೀಕ್ಷೆ ಹೇಳುವುದು ನೇರ ತಾಯಿಯ ಸಾಲಿನ ಬಗ್ಗೆ ಮಾತ್ರ. ರಾದೆಗೊಂದ್‌ಳ ತಂದೆ ಯಾರೆಂಬುದನ್ನು ಅದು ಹೇಳಲಾರದು. ಪರೀಕ್ಷೆಗೆ ಕೊಟ್ಟವರಿಂದ ಆಕೆಯವರೆಗಿನ ಪ್ರತಿ ಕೊಂಡಿಗೂ ಕಾಗದದ ಆಧಾರವಿಲ್ಲದಿದ್ದರೆ ಫಲಿತಾಂಶ ಬೇರೆ ಯಾರದ್ದೋ ಆಗುತ್ತದೆ. ಬೇರೆ ಬೇರೆ ಹೆಣ್ಣುಮಕ್ಕಳ ಸಾಲಿನ ಇಬ್ಬರಾದರೂ ಒಂದೇ ಫಲಿತಾಂಶ ತಂದರೆ ಆಗ ಭರವಸೆ. ಇತ್ತೀಚೆಗೆ ಜನಪ್ರಿಯವಾದ ಸಾಮಾನ್ಯ ಡಿಎನ್‌ಎ ಪರೀಕ್ಷೆಗಳಂತೂ ಅಕೇಡಿಯನ್ನರನ್ನು ದಾರಿ ತಪ್ಪಿಸುತ್ತವೆ. ತಲೆಮಾರುಗಟ್ಟಲೆ ಒಳಗೊಳಗೇ ಮದುವೆಗಳಾದ್ದರಿಂದ ಇಬ್ಬರು ಹತ್ತಾರು ದಾರಿಗಳಲ್ಲಿ ನೆಂಟರು. ದೂರದ ನೆಂಟರನ್ನು ಯಂತ್ರ ಹತ್ತಿರದವರೆಂದು ತೋರಿಸುತ್ತದೆ.

ಸಂಕಲನ ಗ್ರಂಥಗಳಲ್ಲಿ ನೆಚ್ಚಬಹುದಾದದ್ದು ಮೊಂಕ್ಟನ್ ವಿಶ್ವವಿದ್ಯಾಲಯದ ಅಕೇಡಿಯನ್ ಅಧ್ಯಯನ ಕೇಂದ್ರದ ಸ್ಟೀಫನ್ ವೈಟ್ ಸಿದ್ಧಪಡಿಸಿ 1999ರಲ್ಲಿ ಪ್ರಕಟವಾದ ಅಕೇಡಿಯನ್ ಕುಟುಂಬಗಳ ವಂಶಾವಳಿ ನಿಘಂಟು. ಅದು 1636ರಿಂದ 1714ರವರೆಗಿನ ಕಾಲಕ್ಕೆ ಸಂಬಂಧಿಸಿದ್ದು. ಪ್ರತಿ ಮಾತಿಗೂ ಯಾವ ದಾಖಲೆ, ಯಾವ ವರ್ಷದ ಗಣತಿ ಎಂದು ಅದರಲ್ಲಿ ಸೂಚಿಸಿದೆ. ರಾದೆಗೊಂದ್‌ಳ ತಂದೆತಾಯಿಯ ಜಾಗವನ್ನು ವೈಟ್ ಖಾಲಿ ಬಿಟ್ಟಿದ್ದಾರೆ. ಬೋನಾ ಆರ್ಸೆನೋ ಅವರ ಬಹುಸಂಪುಟದ ಕೃತಿ ಹೆಚ್ಚು ಪ್ರಚಾರದಲ್ಲಿದ್ದರೂ ತಪ್ಪುಗಳು ಬಹಳ. ಅದನ್ನು ದಾರಿ ತೋರುವ ಕೈಮರದಂತೆ ಬಳಸಿ, ದಾಖಲೆಯನ್ನು ಬೇರೆಡೆ ನೋಡಬೇಕು. ಹಳಬರಲ್ಲಿ ಪ್ಲಾಸಿದ್ ಗೋದೆ ಅವರ ಟಿಪ್ಪಣಿಗಳಿಗೆ ಇಂದಿಗೂ ಬೆಲೆಯಿದೆ. ತಮ್ಮ ಟಿಪ್ಪಣಿಯಲ್ಲಿ ಪ್ರತಿ ಸಂಗತಿಯ ಎದುರು ಮೂಲ ದಾಖಲೆ ನೋಡಿದ್ದೋ, ಅಚ್ಚಾದ ಪ್ರತಿ ನೋಡಿದ್ದೋ, ಇನ್ನೊಬ್ಬರ ವಂಶವೃಕ್ಷದಿಂದ ತೆಗೆದದ್ದೋ ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಇರಬೇಕು.

ಅಟ್ಲಾಂಟಿಕ್ ದಾಟಿ ಫ್ರಾನ್ಸಿನ ಊರನ್ನು ಹುಡುಕುವುದು ಕೊನೆಯ ಮೆಟ್ಟಿಲು, ಅತ್ಯಂತ ಜಾರುವ ಮೆಟ್ಟಿಲು ಕೂಡ. ಭಾಷಾ ವಿದ್ವಾಂಸೆ ಝನೆವಿಯೆವ್ ಮಾಸಿಞ್ಞೋನ್ ಅಕೇಡಿಯಾದ ಫ್ರೆಂಚ್ ಮಾತನ್ನು ಅಧ್ಯಯನ ಮಾಡಿ 1962ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಹಲವು ಕುಟುಂಬಗಳು ಪೊಯಿತೂ ಸೀಮೆಯ ಲೂದಾಂ ಪಟ್ಟಣದ ಸುತ್ತಲಿನ ಲಾ ಶೋಸೆ, ಮಾರ್ತೇಝೆಯಂಥ ಹಳ್ಳಿಗಳಿಂದ ಬಂದಿರಬೇಕೆಂದು ವಾದಿಸಿದರು. ಅಕೇಡಿಯಾದ ಗವರ್ನರ್ ಶಾರ್ಲ್ ದೋಲ್ನೆಯ ತಾಯಿಯ ಜಮೀನುಗಳಿದ್ದದ್ದು ಆ ಕಡೆ. ಲಾ ಶೋಸೆಯ ರಿಜಿಸ್ಟರಿನಲ್ಲಿ ಬ್ರನ್ ಮನೆತನದ ದಾಖಲೆ ಸಿಕ್ಕಿದ್ದರಿಂದ ವಾದಕ್ಕೆ ಬಲ ಬಂತು. ಆದರೆ ಬ್ಲಾಂಶಾರ್, ಲಾಂಬೇರ್‌ಗಳು ಫ್ರಾನ್ಸಿನ ಮೂಲೆಮೂಲೆಯಲ್ಲೂ ಇರುವ ಹೆಸರುಗಳು. ರಾದೆಗೊಂದ್ ಎಂಬುದು ಆರನೆಯ ಶತಮಾನದ ರಾಣಿಯೂ ಪ್ವಾತಿಯೆ ನಗರದ ಸಂತಳೂ ಆದವಳ ಹೆಸರು. ಪೊಯಿತೂ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರಿಡುವುದು ರೂಢಿ. ಹುಡುಕಲು ದಿಕ್ಕು ತೋರುವಷ್ಟು ಸುಳಿವು ಅದು, ಅಷ್ಟೇ. ಅಲ್ಲಿನ ಯಾವುದೋ ರಿಜಿಸ್ಟರಿನಲ್ಲಿ 1621ರ ಸುಮಾರಿನ ರಾದೆಗೊಂದ್ ಲಾಂಬೇರ್ ಒಬ್ಬಳು ಸಿಕ್ಕರೂ, ಆಕೆ ಅದೇ ಊರಲ್ಲಿ ಮದುವೆಯಾಗಿ ಉಳಿಯಲಿಲ್ಲ, ಅಲ್ಲೇ ಸಾಯಲಿಲ್ಲ ಎಂದು ಮುಂದಿನ ಐವತ್ತು ವರ್ಷದ ಪುಟಗಳನ್ನು ತಿರುವಿ ನೋಡಬೇಕು; ಅದೇ ಮನೆಯವರೋ ನೆರೆಯವರೋ ಇನ್ನಾರಾದರೂ ಪೋರ್ ರಾಯಲ್‌ನಲ್ಲಿ ಕಾಣಿಸುತ್ತಾರೆಯೇ ಎಂದೂ ನೋಡಬೇಕು. ಇಷ್ಟೂ ಕೂಡಿಬರುವ ತನಕ ವಂಶವೃಕ್ಷದಲ್ಲಿ ಆಕೆಯ ಮೇಲಿನ ಎರಡು ಚೌಕಗಳನ್ನು ಖಾಲಿ ಇಡುವುದೇ ಸರಿ.